ರಿಯಲ್ ಅನಾಲಿಸಿಸ್ ಅರ್ಥ ಆಗಬೇಕಾದರೆ ಮೊದಲು ಏನು ಓದಿರಬೇಕು?

ಶಹಾಪುರದ ಪಿಸಿಎಂ:

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಊರು ಶಹಾಪುರ, ಕಾಲೇಜು ಯಾದಗಿರಿಯಲ್ಲಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಇಂಟಿಗ್ರೇಶನ್ ಅಂದರೆ ನನಗೆ ಆಟ ಇದ್ದ ಹಾಗೆ ಇತ್ತು. ಮೊದಲ ವರ್ಷದ ಕ್ಯಾಲ್ಕುಲಸ್ ಕೂಡ ಕಷ್ಟ ಅನ್ನಿಸಲಿಲ್ಲ.

ಈಗ ರಿಯಲ್ ಅನಾಲಿಸಿಸ್, ಅಂದರೆ ಕ್ಯಾಲ್ಕುಲಸ್‌ನ ಮಾತುಗಳನ್ನೇ ಪ್ರೂಫ್ ಸಮೇತ ಕಟ್ಟುವ ಪೇಪರ್ ಬಂದಿದೆ, ತಲೆಬುಡ ತಿಳಿಯುತ್ತಿಲ್ಲ. 'ಯಾವ ಎಪ್ಸಿಲಾನ್ ಕೊಟ್ಟರೂ ಒಂದು ಎಂ ಸಿಗುತ್ತದೆ' (ಎಪ್ಸಿಲಾನ್ ಅಂದರೆ ಎಷ್ಟು ಬೇಕಾದರೂ ಚಿಕ್ಕದಾಗಿರಬಹುದಾದ ಧನ ಸಂಖ್ಯೆ, ಎಂ ಅಂದರೆ ಅದರಿಂದಾಚೆ ಲಿಮಿಟ್‌ಗೆ ಇರುವ ಅಂತರ ಎಪ್ಸಿಲಾನ್‌ಗಿಂತ ಕಡಿಮೆಯಾಗುವ ಸ್ಥಾನ) ಅಂತ ಬೋರ್ಡ್ ಮೇಲೆ ಬರೆಯುತ್ತಾರೆ, ನಾನೂ ಬರೆದುಕೊಳ್ಳುತ್ತೇನೆ, ಅಷ್ಟೇ. 1/ಎನ್ ಸೊನ್ನೆಗೆ ಹೋಗುತ್ತದೆ ಅಂತ ನೋಡಿದರೇ ಗೊತ್ತಾಗುತ್ತದೆ ಅಲ್ವಾ? ಅದಕ್ಕೆ ಅರ್ಧ ಪುಟ ಪ್ರೂಫ್ ಯಾಕೆ?

ಡಿಫರೆನ್ಷಿಯಲ್ ಈಕ್ವೇಶನ್ಸ್ ನಡೆಯುತ್ತಿದೆ, ಏಕೆಂದರೆ ಅಲ್ಲಿ ವಿಧಾನ ಗೊತ್ತಿದ್ದರೆ ಸಾಕು. ಗ್ರೂಪ್ ಥಿಯರಿ ಈಗಷ್ಟೇ ಶುರುವಾಗಿದೆ. ಲೀನಿಯರ್ ಆಲ್ಜೀಬ್ರಾ ನಮಗೆ ಮೂರನೇ ವರ್ಷಕ್ಕೆ. ಸೀನಿಯರ್ ಒಬ್ಬರು 'ಒಂದಕ್ಕೊಂದು ಸಂಬಂಧ ಇಲ್ಲ, ಪೇಪರ್ ಪೇಪರ್ ಓದು, ಪಾಸಾಗು' ಅಂದರು. ನನಗೆ ಎಂಎಸ್ಸಿ ಮಾಡುವ ಆಸೆ, ಆದರೆ ಜಾಮ್ (ಐಐಟಿಗಳ ಎಂಎಸ್ಸಿ ಪ್ರವೇಶ ಪರೀಕ್ಷೆ) ಕೂಡ ಬರೆಯಬೇಕು. ನಿಜವಾಗಿ ಯಾವುದರ ಮೇಲೆ ಯಾವುದು ನಿಂತಿದೆ? ಈ ರಜೆಯಲ್ಲಿ ಹಿಂದಕ್ಕೆ ಹೋಗಿ ಏನನ್ನು ಸರಿ ಮಾಡಿಕೊಳ್ಳಲಿ?

ಸೇಡಂ ಎಕ್ಸ್‌ಪ್ರೆಸ್:

ಸೀನಿಯರ್ ಹೇಳಿದ್ದೇ ಸರಿ. ಹಳೇ ಪ್ರಶ್ನೆಪತ್ರಿಕೆ ತೆಗೆದು ನೋಡಿ, ಅದೇ ಥಿಯರಂಗಳು ತಿರುಗಿ ತಿರುಗಿ ಬರುತ್ತವೆ. ಬಾಯಿಪಾಠ ಮಾಡಿ ಬಿಎಸ್ಸಿ ಮುಗಿಸಿ, ಬಿಎಡ್‌ಗೆ ಹೋಗಿ. ಎಂಎಸ್ಸಿ ಮಾಡಿದವರೂ ಇಲ್ಲಿ ಕೆಲಸ ಹುಡುಕುತ್ತಲೇ ಇದ್ದಾರೆ.

ಬೀದರ್ ಗೆಸ್ಟ್ ಲೆಕ್ಚರರ್:

ಕೆಲಸದ ಮಾತು ಬೇರೆ, ಅದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು! ಆದರೆ ಪೇಪರ್‌ಗಳಿಗೆ ಸಂಬಂಧ ಇಲ್ಲ ಅನ್ನುವುದು ಸುಳ್ಳು. ಗೆಸ್ಟ್ ಲೆಕ್ಚರರ್‌ಗೆ ಯಾವಾಗಲೂ ಉಳಿದ ಪೇಪರೇ ಸಿಗುವುದು. ಒಂದು ವರ್ಷ ನ್ಯೂಮೆರಿಕಲ್, ಇನ್ನೊಂದು ವರ್ಷ ಗ್ರೂಪ್ಸ್, ಮತ್ತೊಂದು ವರ್ಷ ಯಾರೂ ಬೇಡ ಅಂದ ಅನಾಲಿಸಿಸ್. ಹೀಗೆ ನನ್ನ ಕೈಯಲ್ಲಿ ಎಲ್ಲ ಪೇಪರ್‌ಗಳೂ ಓಡಾಡಿವೆ. ಯಾವ ಗಂಟು ಎಲ್ಲಿ ಬಿದ್ದಿದೆ ಅಂತ ನೋಡುವ ಅವಕಾಶ ಅದರಿಂದಲೇ ಸಿಕ್ಕಿತು.

ಮೊದಲು ನಿನ್ನ 1/ಎನ್ ವಿಷಯ. ನೋಡಿದರೇ ಗೊತ್ತಾಗುತ್ತದೆ ಅಂದೆ, ಒಪ್ಪಿದೆ. ನ್ಯೂಟನ್, ಲೈಬ್ನಿಜ್ ಕೂಡ ಹಾಗೇ ಅಂದುಕೊಂಡು ಕ್ಯಾಲ್ಕುಲಸ್ ಕಟ್ಟಿದರು. ಹದಿನೇಳನೇ ಶತಮಾನದಲ್ಲಿ ಅದು ಓಡಲು ಶುರುವಾಯಿತು. ಅದಕ್ಕೆ ಗಟ್ಟಿ ತಳಪಾಯ ಹಾಕಲು ಹೊರಟ ಗಣಿತಜ್ಞ ಕೋಶಿ ತನ್ನ ಪಾಠಗಳನ್ನು ಅಚ್ಚು ಹಾಕಿಸಿದ್ದು 1821ರಲ್ಲಿ, ಡೆಡೆಕಿಂಡ್ ರಿಯಲ್ ನಂಬರ್ ಅಂದರೆ ಏನು ಅಂತ ಬರೆದದ್ದು 1872ರಲ್ಲಿ. ಅಂದರೆ ನೀನು ಒಂದೇ ವರ್ಷದ ಅಂತರದಲ್ಲಿ ಓದುತ್ತಿರುವ ಎರಡು ಪೇಪರ್‌ಗಳ ನಡುವೆ ಒಂದೂವರೆ ಶತಮಾನಕ್ಕೂ ಜಾಸ್ತಿ ಅಂತರವಿದೆ. ಕಷ್ಟ ಅನ್ನಿಸಿದರೆ ಅದರಲ್ಲಿ ನಿನ್ನ ತಪ್ಪೇನೂ ಇಲ್ಲ.

ಹಾಗಾದರೆ ಅವರಿಗೆ ಪ್ರೂಫ್ ಯಾಕೆ ಬೇಕಾಯಿತು? ಈ ಸೀರೀಸ್ ನೋಡು: ಸೈನ್ ಎಕ್ಸ್, ಮೈನಸ್ ಸೈನ್ 2ಎಕ್ಸ್‌ನ ಅರ್ಧ, ಪ್ಲಸ್ ಸೈನ್ 3ಎಕ್ಸ್‌ನ ಮೂರನೇ ಒಂದು ಭಾಗ, ಹೀಗೆ ಮುಂದಕ್ಕೆ. ಪ್ರತಿ ಪದವೂ ಕಂಟಿನ್ಯುಯಸ್, ಅಂದರೆ ಗ್ರಾಫ್ ಎಲ್ಲಿಯೂ ಮುರಿಯುವುದಿಲ್ಲ. ಎಲ್ಲವನ್ನೂ ಕೂಡಿಸಿದರೆ ಮೈನಸ್ ಪೈನಿಂದ ಪೈ ನಡುವೆ ಎಕ್ಸ್‌ನ ಅರ್ಧ ಬರುತ್ತದೆ, ಪೈ ಹತ್ತಿರ ಬಂದ ಕೂಡಲೇ ದಬಕ್ಕನೆ ಕೆಳಗೆ ಬೀಳುತ್ತದೆ. ಕಂಟಿನ್ಯುಯಸ್‌ಗಳನ್ನು ಕೂಡಿಸಿದರೆ ಕಂಟಿನ್ಯುಯಸ್ಸೇ ಬರಬೇಕು ಅಂತ 'ನೋಡಿದರೇ ಗೊತ್ತಾಗುತ್ತಿತ್ತು'. ಕೋಶಿಯೂ ಹಾಗೆಯೇ ಬರೆದಿದ್ದ. ಅದಕ್ಕೆ ಅಪವಾದ ಇದೆ ಅಂತ ಇದೇ ಸೀರೀಸ್ ಹಿಡಿದು ತೋರಿಸಿದ್ದು ಆಬೆಲ್, 1826ರಲ್ಲಿ. ಮುಂದೆ ನಿನಗೆ ಯೂನಿಫಾರ್ಮ್ ಕನ್ವರ್ಜೆನ್ಸ್ (ಎಲ್ಲ ಎಕ್ಸ್‌ಗೂ ಒಂದೇ ಎಂ ಸಾಕಾಗುವುದು) ಅಂತ ಒಂದು ಅಧ್ಯಾಯ ಬರುತ್ತದಲ್ಲ, ಅದು ಹುಟ್ಟಿದ್ದು ಈ ತರಹದ ಪೆಟ್ಟಿನಿಂದ. 1/ಎನ್ ಅನ್ನೋದು ಸುಮ್ನೆ ಅಭ್ಯಾಸಕ್ಕೆ, ಉತ್ತರ ಮೊದಲೇ ಗೊತ್ತಿರುವ ಕಡೆ ಕೈ ಪಳಗಲಿ ಅಂತ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅನಾಲಿಸಿಸ್‌ಗೆ ಬೇಕಾದದ್ದು ಜಾಸ್ತಿ ಕ್ಯಾಲ್ಕುಲಸ್ ಅಲ್ಲ. ಇಂಟಿಗ್ರೇಶನ್ ಎಷ್ಟು ಚುರುಕಾಗಿ ಮಾಡಿದರೂ ಇಲ್ಲಿ ಅದು ಕೈ ಹಿಡಿಯುವುದಿಲ್ಲ. ಬೇಕಾದದ್ದು ಇನ್‌ಈಕ್ವಾಲಿಟಿ, ಮಾಡ್ಯುಲಸ್, ಟ್ರಯಾಂಗಲ್ ಇನ್‌ಈಕ್ವಾಲಿಟಿ. ಪಿಯುಸಿಯಲ್ಲಿ ಇವನ್ನು ಓಡಿಸಿಬಿಡುತ್ತಾರೆ. ಇನ್ನೊಂದು, 'ಪ್ರತಿಯೊಂದಕ್ಕೂ', 'ಒಂದಾದರೂ ಇದೆ' ಅನ್ನುವ ಮಾತುಗಳ ಕ್ರಮ. 'ಪ್ರತಿ ಹಳ್ಳಿಗೂ ಹೋಗುವ ಒಂದು ಬಸ್ ಇದೆ' ಅಂದರೆ ಹಳ್ಳಿಗೊಂದು ಬಸ್ಸೋ, ಎಲ್ಲ ಹಳ್ಳಿಗೂ ಸುತ್ತುವ ಒಂದೇ ಬಸ್ಸೋ? ಈ ವ್ಯತ್ಯಾಸ ಕಣ್ಣಿಗೆ ಬಿದ್ದವರಿಗೆ ಮುಂದೆ ಕಂಟಿನ್ಯುಟಿ ಮತ್ತು ಯೂನಿಫಾರ್ಮ್ ಕಂಟಿನ್ಯುಟಿ ಬೇರೆ ಬೇರೆ ಅಂತ ಹೇಳಿಕೊಡಬೇಕಾಗಿಯೇ ಇಲ್ಲ. ಇದನ್ನು ಕನ್ನಡದಲ್ಲೇ ಯೋಚಿಸು, ಯಾರೂ ಬೇಡ ಅನ್ನುವುದಿಲ್ಲ. ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲಿ ಬರೆದರಾಯಿತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಲೀನಿಯರ್ ಆಲ್ಜೀಬ್ರಾ ವಿಷಯಕ್ಕೆ. ಅದನ್ನು ಕೊನೆಯ ವರ್ಷಕ್ಕೆ ತಳ್ಳುವುದು ಯಾಕೆ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅದು ನಮ್ಮ ವಾಡಿ ಜಂಕ್ಷನ್ ಇದ್ದ ಹಾಗೆ, ಕಲಬುರಗಿ ಕಡೆ, ಯಾದಗಿರಿ ಕಡೆ, ಸೇಡಂ ಕಡೆ ಎಲ್ಲ ಗಾಡಿಯೂ ಅಲ್ಲಿಂದಲೇ ಹೋಗಬೇಕು.

ನೀನು 'ವಿಧಾನ ಗೊತ್ತಿದ್ದರೆ ಸಾಕು' ಅಂದ ಡಿಫರೆನ್ಷಿಯಲ್ ಈಕ್ವೇಶನ್ಸನ್ನೇ ತಗೋ. ವೈ ಡಬಲ್ ಡ್ಯಾಶ್ ಮೈನಸ್ 3 ವೈ ಡ್ಯಾಶ್ ಪ್ಲಸ್ 2 ವೈ = 0. ನೀನು ಎಂ ಸ್ಕ್ವೇರ್ ಮೈನಸ್ 3 ಎಂ ಪ್ಲಸ್ 2 = 0 ಅಂತ ಬರೆದು 1 ಮತ್ತು 2 ತೆಗೆಯುತ್ತೀಯ. ಆಮೇಲೆ ಇ ಪವರ್ ಎಕ್ಸ್ ಮತ್ತು ಇ ಪವರ್ 2ಎಕ್ಸ್‌ಗಳನ್ನು ಸಿ1, ಸಿ2 ಹಾಕಿ ಕೂಡಿಸುತ್ತೀಯ. ಪೂರ್ತಿ ಮಾರ್ಕ್ಸ್ ಸಿಗುತ್ತದೆ. ಆದರೆ ಇವೆರಡೇ ಯಾಕೆ? ಎಲ್ಲೋ ಮೂಲೆಯಲ್ಲಿ ಮೂರನೆಯದೊಂದು ಅಡಗಿ ಕುಳಿತಿಲ್ಲ ಅಂತ ಹೇಗೆ ಗೊತ್ತು? ಉತ್ತರ ಇದು: ಸಲ್ಯೂಶನ್‌ಗಳನ್ನು ಕೂಡಿಸಿದರೂ, ಒಂದು ಸಂಖ್ಯೆಯಿಂದ ಗುಣಿಸಿದರೂ ಸಲ್ಯೂಶನ್ನೇ ಬರುತ್ತದೆ. ಅಂದರೆ ಅವೆಲ್ಲ ಸೇರಿ ಒಂದು ವೆಕ್ಟರ್ ಸ್ಪೇಸ್. ಸೊನ್ನೆಯಲ್ಲಿ ವೈ ಎಷ್ಟು, ವೈ ಡ್ಯಾಶ್ ಎಷ್ಟು ಅಂತ ಎರಡು ಸಂಖ್ಯೆ ಹೇಳಿದರೆ ಸಲ್ಯೂಶನ್ ಒಂದೇ ಒಂದು. ಹಾಗಾಗಿ ಆ ಸ್ಪೇಸ್‌ನ ಡೈಮೆನ್ಶನ್ ಸರಿಯಾಗಿ 2. ನಿನ್ನ ಎರಡೂ ಸಲ್ಯೂಶನ್ ಇಂಡಿಪೆಂಡೆಂಟ್, ಅವುಗಳ ರಾನ್‌ಸ್ಕಿಯನ್ (ಇಂಡಿಪೆಂಡೆಂಟ್ ಹೌದೋ ಅಲ್ಲವೋ ಅಂತ ಪರೀಕ್ಷಿಸುವ ಡಿಟರ್ಮಿನಂಟ್) ಇ ಪವರ್ 3ಎಕ್ಸ್, ಅದು ಎಲ್ಲಿಯೂ ಸೊನ್ನೆ ಆಗುವುದಿಲ್ಲ. ಆದ್ದರಿಂದ ಅವೇ ಬೇಸಿಸ್, ಉಳಿದ ಎಲ್ಲ ಸಲ್ಯೂಶನ್ ಅವೆರಡರಿಂದಲೇ ಬರುತ್ತವೆ. ಮೂರನೆಯದಕ್ಕೆ ಜಾಗ ಇಲ್ಲ.

ಇನ್ನೂ ಇದೆ. ಅದೇ ಸಮೀಕರಣವನ್ನು ವೈ ಮತ್ತು ವೈ ಡ್ಯಾಶ್ ಜೋಡಿಯಾಗಿ ಬರೆದರೆ ಒಂದು 2×2 ಮ್ಯಾಟ್ರಿಕ್ಸ್ ಬರುತ್ತದೆ. ಮೇಲಿನ ಸಾಲು 0, 1. ಕೆಳಗಿನ ಸಾಲು ಮೈನಸ್ 2, 3. ಅದರ ಐಗನ್‌ವ್ಯಾಲ್ಯೂ (ಮ್ಯಾಟ್ರಿಕ್ಸ್ ಕೆಲವು ವೆಕ್ಟರ್‌ಗಳನ್ನು ಅದೇ ಗೆರೆಯ ಮೇಲೆ ಇಟ್ಟು ಎಷ್ಟು ಪಟ್ಟು ಮಾಡುತ್ತದೋ ಆ ಸಂಖ್ಯೆ) ತೆಗೆದು ನೋಡು, ಮತ್ತೆ 1 ಮತ್ತು 2. ನೀನು ಬಾಯಿಪಾಠ ಮಾಡಿದ ಆಕ್ಸಿಲರಿ ಈಕ್ವೇಶನ್ ಅದರ ಕ್ಯಾರೆಕ್ಟರಿಸ್ಟಿಕ್ ಈಕ್ವೇಶನ್ನೇ! ಬೇರೆ ಬೇರೆ ಪೇಪರ್‌ನಲ್ಲಿ ಬೇರೆ ಹೆಸರಿಟ್ಟು ಕೂರಿಸಿದ್ದಾರೆ, ಅಷ್ಟೇ. ಮೇಲೆ 'ಸಲ್ಯೂಶನ್ ಒಂದೇ ಒಂದು' ಅಂದೆನಲ್ಲ, ಅದನ್ನು ತಕ್ಕ ಷರತ್ತು ಪೂರೈಸುವ ಬೇರೆ ಸಮೀಕರಣಗಳಿಗೂ ಸಾಧಿಸಬೇಕಾದರೆ ಮತ್ತೆ ಯೂನಿಫಾರ್ಮ್ ಕನ್ವರ್ಜೆನ್ಸ್ ಬೇಕು. ಪೇಪರ್ ಪೇಪರ್ ಓದು ಅಂದವರಿಗೆ ಇದನ್ನು ತೋರಿಸು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ವೆಕ್ಟರ್ ಕ್ಯಾಲ್ಕುಲಸ್‌ನಲ್ಲಿ ಬರುವ ಜಾಕೋಬಿಯನ್ ಒಂದು ಡಿಟರ್ಮಿನಂಟ್. ನ್ಯೂಮೆರಿಕಲ್ ಅನಾಲಿಸಿಸ್‌ನ ಎರರ್ ಲೆಕ್ಕ ಬಹುಪಾಲು ಟೇಲರ್ ಥಿಯರಂನ ಕೊನೆಯ ಪದ. ಗ್ರೂಪ್ ಥಿಯರಿಗೆ ಕ್ಯಾಲ್ಕುಲಸ್ ಬೇಡವೇ ಬೇಡ, ಅನಾಲಿಸಿಸ್‌ನಲ್ಲಿ ಎಡವಿದವರು ಅಲ್ಲಿ ಹೆದರಬೇಕಾಗಿಲ್ಲ.

ರಜೆಗೆ ಎರಡೇ ಕೆಲಸ. ಸೀಕ್ವೆನ್ಸ್ ಅಧ್ಯಾಯ ಮತ್ತು ಮ್ಯಾಟ್ರಿಕ್ಸ್. ಸೀರೀಸ್, ಕಂಟಿನ್ಯುಟಿ, ಡೆರಿವೇಟಿವ್, ಎಲ್ಲವನ್ನೂ ಸೀಕ್ವೆನ್ಸ್‌ನಿಂದಲೇ ತಿರುಗಿ ಕಟ್ಟಬಹುದು. ಎನ್‌ಪಿಟೆಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) ಎರಡಕ್ಕೂ ಪಾಠಗಳು ಪುಕ್ಕಟೆಯಾಗಿ ಸಿಗುತ್ತವೆ. ಗೈಡ್ ಮಾತ್ರ ಮುಟ್ಟಬೇಡ, ಪ್ರೂಫ್‌ನ ಮಧ್ಯದ ಸಾಲನ್ನೇ ನುಂಗಿರುತ್ತದೆ.

ಕಡಗಂಚಿ ಹಾಸ್ಟೆಲ್:

ಸರ್ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನಾನು ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಇಲ್ಲಿಗೆ ಬರಲು ಜಾಮ್ ಅಲ್ಲ, ಸಿಯುಇಟಿ ಪಿಜಿ ಬರೆಯಬೇಕು, ಅದನ್ನೂ ಮರೆಯಬೇಡಿ. ಎರಡಕ್ಕೂ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ ಬೇಕೇ ಬೇಕು.

ಬಿಎಸ್ಸಿಯಲ್ಲಿ ನನ್ನನ್ನು ತುಂಬ ಕಾಡಿದ್ದು 1 ಭಾಗಿಸು 1 ಪ್ಲಸ್ ಎಕ್ಸ್ ಸ್ಕ್ವೇರ್. ಗ್ರಾಫ್ ನೋಡಿದರೆ ನುಣ್ಣಗೆ, ಎಲ್ಲಿಯೂ ಮುರಿದಿಲ್ಲ. ಆದರೆ ಪವರ್ ಸೀರೀಸ್ ಬರೆದರೆ ಎಕ್ಸ್ 1 ದಾಟಿದ ಕೂಡಲೇ ಕೆಟ್ಟುಹೋಗುತ್ತದೆ. ರಿಯಲ್ ಅನಾಲಿಸಿಸ್‌ನಲ್ಲಿ ಎಷ್ಟು ಹುಡುಕಿದರೂ ಕಾರಣ ಕಾಣುವುದಿಲ್ಲ. ಕಾಂಪ್ಲೆಕ್ಸ್ ಅನಾಲಿಸಿಸ್ ಬಂದ ಮೇಲೆ ಗೊತ್ತಾಯಿತು, ತೊಂದರೆ ಇರುವುದು ಐ (ಮೈನಸ್ 1ರ ವರ್ಗಮೂಲ) ಮತ್ತು ಮೈನಸ್ ಐ ಹತ್ತಿರ. ಅಲ್ಲಿ ಛೇದ ಸೊನ್ನೆ ಆಗುತ್ತದೆ. ಎರಡೂ ಸೊನ್ನೆಯಿಂದ ಸರಿಯಾಗಿ 1 ದೂರದಲ್ಲಿವೆ.

ಒಂದು ಅಡ್ಡ ಮಾತು. ನಮ್ಮ ಸೇಡಂ ತಾಲೂಕಿನ ಮಳಖೇಡ ಇದೆಯಲ್ಲ, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿಯೇ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಶುರು ಮಾಡುತ್ತಾನೆ, ಸುಮಾರು ಕ್ರಿ.ಶ. 850ರಲ್ಲಿ. ಋಣ ಸಂಖ್ಯೆ ಸ್ವಭಾವತಃ ವರ್ಗ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ರಿಯಲ್ ನಂಬರ್‌ಗಳ ಮಟ್ಟಿಗೆ ಆ ಮಾತು ಇಂದಿಗೂ ನೂರಕ್ಕೆ ನೂರು ಸರಿ.

ಶಹಾಪುರದ ಪಿಸಿಎಂ:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಆ ಮ್ಯಾಟ್ರಿಕ್ಸ್ ಮಾಡಿ ನೋಡಿದೆ, ನಿಜವಾಗಿಯೂ 1, 2 ಬಂತು! ಇದನ್ನು ಕ್ಲಾಸಿನಲ್ಲಿ ಹೇಳಿದ್ದರೆ ಏನಾಗುತ್ತಿತ್ತೋ.

1/ಎನ್ ಪ್ರೂಫ್ ನಾನೇ ಬರೆದಿದ್ದೇನೆ, ಸರಿ ಇದೆಯಾ ನೋಡಿ. ಎಪ್ಸಿಲಾನ್ 0.01 ಇರಲಿ. ಎಂ 100 ತಗೊಂಡರೆ, ಎನ್ 100ಕ್ಕಿಂತ ದೊಡ್ಡದಿದ್ದಾಗಲೆಲ್ಲ 1/ಎನ್ 0.01ಕ್ಕಿಂತ ಕಡಿಮೆ. ಆದ್ದರಿಂದ ಸೊನ್ನೆಗೆ ಹೋಗುತ್ತದೆ.

ಬೀದರ್ ಗೆಸ್ಟ್ ಲೆಕ್ಚರರ್:

0.01ರ ಮಟ್ಟಿಗೆ ಸರಿ. ನಾನು 0.0003 ಕೊಟ್ಟರೆ? ಆಗ 3334 ಅನ್ನುತ್ತೀಯ. ಇನ್ನೂ ಚಿಕ್ಕದು ಕೊಡುತ್ತೇನೆ. ಎಪ್ಸಿಲಾನ್ ನನ್ನ ಕೈಯಲ್ಲಿ, ಎಂ ನಿನ್ನ ಕೈಯಲ್ಲಿ, ಮೊದಲ ಸರದಿ ಯಾವಾಗಲೂ ನನ್ನದು. ಹಾಗಾಗಿ ಒಂದು ಸಂಖ್ಯೆ ಹೇಳಿದರೆ ಸಾಲದು, ನಾನು ಏನು ಕೊಟ್ಟರೂ ನಡೆಯುವ ನಿಯಮ ಹೇಳಬೇಕು. '1 ಭಾಗಿಸು ಎಪ್ಸಿಲಾನ್‌ಗಿಂತ ದೊಡ್ಡದಾದ ಒಂದು ಪೂರ್ಣಸಂಖ್ಯೆ ಎಂ ತಗೋ' ಅಂತ ಬರೆ. ಉಳಿದ ನಿನ್ನ ಸಾಲು ಹಾಗೇ ಇರಲಿ.

ಬರೆದ ಮೇಲೆ ಒಂದು ಪ್ರಶ್ನೆ ಕೇಳಿಕೋ. ಅಷ್ಟು ದೊಡ್ಡ ಪೂರ್ಣಸಂಖ್ಯೆ ಇದ್ದೇ ಇರುತ್ತದೆ ಅಂತ ಯಾರು ಹೇಳಿದರು? ಅದಕ್ಕೆ ಆರ್ಕಿಮಿಡಿಯನ್ ಪ್ರಾಪರ್ಟಿ ಅನ್ನುತ್ತಾರೆ, ನಿನ್ನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಲೀಸ್ಟ್ ಅಪ್ಪರ್ ಬೌಂಡ್ ಆದಮೇಲೆ ಇರುತ್ತದೆ. ಅದನ್ನು ಓದಿ, ಅದರ ಪ್ರೂಫ್ ಕೂಡ ಇಲ್ಲೇ ಹಾಕು. ಭಾನುವಾರ ನೋಡುತ್ತೇನೆ.