ಗ್ಯಾರೇಜ್ ಬಾಗಿಲಿನ ಸ್ಪ್ರಿಂಗ್ ತುಂಡಾಗಿದೆ: ಯಾವ ಅಳತೆಯದು ತರಿಸಬೇಕು, ಮನೆಯಲ್ಲೇ ಹಾಕಬಹುದಾ?

ಹೆಸರುಬೇಳೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಶಿಕಾಗೊ ಪಕ್ಕ. 16 ಅಡಿ ಅಗಲ, 7 ಅಡಿ ಎತ್ತರದ ಡಬಲ್ ಬಾಗಿಲು, ಉಕ್ಕಿನದು, ಒಳಗೆ ಇನ್ಸುಲೇಶನ್ ಇದೆ. ಬಾಗಿಲಿನ ಮೇಲೆ ಅಡ್ಡ ಶಾಫ್ಟಿನಲ್ಲಿ ಎರಡು ಟಾರ್ಶನ್ ಸ್ಪ್ರಿಂಗ್ (ತಿರುಚಿ ಬಿಗಿ ಇಡುವ ಸ್ಪ್ರಿಂಗ್). ಒಳಗಿನಿಂದ ನೋಡಿದರೆ ಎಡಗಡೆಯದು ನಡುವೆ ತುಂಡಾಗಿ ಎರಡು ಇಂಚು ಸಂದು ಬಿಟ್ಟಿದೆ. ಓಪನರ್ (ಬಾಗಿಲು ತೆರೆಯುವ ಮೋಟರ್) ಒತ್ತಿದರೆ ಬಾಗಿಲು ಅರ್ಧ ಅಡಿ ಎದ್ದು ನಿಂತುಬಿಡುತ್ತದೆ. ಈಗ ಬಾಗಿಲು ಕೆಳಗಿದೆ, ಕಾರು ಒಳಗೆ.

ಮುರಿಯದ ಸ್ಪ್ರಿಂಗಿನ ಉದ್ದ 25½ ಇಂಚು ಬಂತು. ತಂತಿಯ ದಪ್ಪ ಟೇಪಿನಲ್ಲಿ 3/16ಕ್ಕೂ 1/4ಕ್ಕೂ ನಡುವೆ ಎಲ್ಲೋ ಬರುತ್ತದೆ, ಸರಿಯಾಗಿ ಗೊತ್ತಾಗುತ್ತಿಲ್ಲ. ಏನೆಂದು ಆರ್ಡರ್ ಮಾಡಲಿ? ಒಂದೇ ಬದಲಿಸಿದರೆ ಸಾಕಾ? ಇದು ನಾವೇ ಮಾಡುವ ಕೆಲಸವಾ?

ಮೂಲೆಮನೆ:

ಅಕ್ಕಾ, ಮೊದಲು ಓಪನರ್ ಪ್ಲಗ್ ಕಿತ್ತಿಡಿ. ಅದನ್ನು ಮತ್ತೆ ಒತ್ತಲೇಬೇಡಿ. ಬಾಗಿಲಿನ ಭಾರ ಹೊರುವುದು ಸ್ಪ್ರಿಂಗ್, ಮೋಟರ್ ಅಲ್ಲ. ಸ್ಪ್ರಿಂಗ್ ತೂಗಿಹಿಡಿದ ಬಾಗಿಲನ್ನು ಮೇಲೆ ಕೆಳಗೆ ಸರಿಸುವಷ್ಟು ಶಕ್ತಿ ಮಾತ್ರ ಮೋಟರ್‌ಗೆ ಇರುತ್ತದೆ. ಹಟ ಹಿಡಿದು ಒತ್ತುತ್ತಾ ಹೋದರೆ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದುಹೋಗುತ್ತದೆ, ಇಲ್ಲವೇ ಬಾಗಿಲಿನ ಮೇಲಿನ ಹಾಳೆ ಬಾಗುತ್ತದೆ. ಆಗ ಸ್ಪ್ರಿಂಗಿನ ಜೊತೆ ಇನ್ನೊಂದು ಖರ್ಚು.

ಕಾರು ಹೊರತೆಗೆಯಲೇಬೇಕಾದರೆ: ಒಂದು ಸ್ಪ್ರಿಂಗ್ ಇನ್ನೂ ಗಟ್ಟಿ ಇರುವುದರಿಂದ ಕೈಗೆ ಬರುವ ಭಾರ ಬಾಗಿಲಿನ ಅರ್ಧ ತೂಕ, ಅಂದರೆ ಎಂಬತ್ತು ತೊಂಬತ್ತು ಪೌಂಡ್. ಬಾಗಿಲು ಕೆಳಗಿರುವಾಗಲೇ ಓಪನರಿನಿಂದ ಜೋತುಬಿದ್ದಿರುವ ಕೆಂಪು ಹಗ್ಗ ಎಳೆದು ಓಪನರ್ ಬಿಡಿಸಿ. ಇಬ್ಬರು ಎರಡು ಕಡೆ ನಿಂತು ಎತ್ತಲಿ, ಮೂರನೆಯವರು ಎರಡೂ ಹಳಿಗಳಲ್ಲಿ ಕೆಳಗಿನ ರೋಲರ್ ಅಡಿಗೆ ಸಿ-ಕ್ಲಾಂಪ್ ಬಿಗಿಯಲಿ. ಆಮೇಲೆ ಕಾರು ತೆಗೆಯಿರಿ. ಬಾಗಿಲು ಮೇಲಿರುವಾಗ ಕೆಂಪು ಹಗ್ಗ ಎಳೆದರೆ ಮಾತ್ರ ಕೆಟ್ಟಿತು, ಪೂರ್ತಿ ಬಾಗಿಲು ಧಡಾರನೆ ಕೆಳಗೆ ಬರುತ್ತದೆ.

ನಾವೇ ಮಾಡುವ ಕೆಲಸವಾ ಅಂದರೆ, ಒಂದೇ ಪರೀಕ್ಷೆ. ಏಣಿಯ ಮೇಲೆ ನಿಂತು, ಮೂವತ್ತು ಸಲ ಒಂದೇ ಕೆಲಸವನ್ನು ಒಂದು ಸಲವೂ ಗಮನ ತಪ್ಪದೆ ಮಾಡಬಲ್ಲಿರಾ? ಆಗಲ್ಲ ಅನ್ನಿಸಿದರೆ ಕೆಲಸದವರನ್ನು ಕರೆಸಿ, ಅದರಲ್ಲಿ ನಾಚಿಕೆ ಏನಿಲ್ಲ. ಊರಲ್ಲಿ ಅಂಗಡಿ ಶಟರ್‌ಗೆ ಸ್ಪ್ರಿಂಗ್ ಕೂರಿಸುವುದನ್ನು ನೋಡಿದವರು ‘ಇಷ್ಟೇನಾ’ ಅಂದುಕೊಳ್ಳುತ್ತಾರೆ. ತತ್ವ ಒಂದೇ, ಆದರೆ ಆ ಅಂದಾಜು ಇಲ್ಲಿಗೆ ತರಬೇಡಿ.

ಪಾನಾಪೆಟ್ಟಿಗೆ:

ಅಳತೆಯ ಬಗ್ಗೆ ಮೊದಲು ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ.

ನೀವು ಅಳೆದದ್ದು ತಿರುಚಿಕೊಂಡೇ ಇರುವ ಸ್ಪ್ರಿಂಗ್. ಟಾರ್ಶನ್ ಸ್ಪ್ರಿಂಗನ್ನು ಒಂದು ಸುತ್ತು ತಿರುಚಿದರೆ ಒಂದು ತಂತಿ ದಪ್ಪದಷ್ಟು ಉದ್ದವಾಗುತ್ತದೆ. 7 ಅಡಿ ಬಾಗಿಲಿಗೆ ಏಳೂವರೆ ಸುತ್ತು. ತಂತಿ 0.207 ಇಂಚಿನದಾದರೆ 1.55 ಇಂಚು ಉಬ್ಬಿದೆ, ಹಾಗಾಗಿ ನಿಮ್ಮ 25½ ನಿಜದಲ್ಲಿ 24. ಖಾತ್ರಿಗೆ ಮುರಿದ ಸ್ಪ್ರಿಂಗಿನ ಎರಡು ತುಂಡುಗಳನ್ನು ಸುರುಳಿಗಳ ನಡುವೆ ಸಂದಿಲ್ಲದಂತೆ ಒತ್ತಿ ಅಳೆದು ಕೂಡಿಸಿ. ಕೋನ್ (ಸ್ಪ್ರಿಂಗಿನ ತುದಿಗೆ ಕೂರಿಸಿರುವ ಎರಕದ ತುಂಡು) ಲೆಕ್ಕಕ್ಕಿಲ್ಲ, ಸುರುಳಿ ಮಾತ್ರ.

ತಂತಿಯ ದಪ್ಪ ಒಂದೇ ಸುರುಳಿಯಲ್ಲಿ ಸಿಗುವುದಿಲ್ಲ. ಮುರಿದ ತುಂಡಿನಲ್ಲೇ 20 ಸುರುಳಿಯ ಉದ್ದ ಅಳೆದು 20ರಿಂದ ಭಾಗಿಸಿ. 4⅛ ಇಂಚು ಬಂದರೆ 0.207. 4⅜ ಬಂದರೆ 0.218. 4½ ಬಂದರೆ 0.225. 5 ಬಂದರೆ 0.250. ಟೇಪಿನ ಕೊಕ್ಕೆ ಅಲುಗಾಡುತ್ತದೆ, ಒಂದು ಇಂಚಿನ ಗೆರೆಯಿಂದ ಶುರುಮಾಡಿ ಅಳೆದು ಕೊನೆಗೆ ಒಂದು ಕಳೆಯಿರಿ. ಕಾಲು ಇಂಚು ತಾನೇ ಅಂತ ಅಸಡ್ಡೆ ಬೇಡ. ಬಲ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 0.207ರ ಜಾಗಕ್ಕೆ ಅದೇ ಉದ್ದದ 0.218 ಬಂದರೆ ಸ್ಪ್ರಿಂಗ್ ಕಾಲು ಭಾಗಕ್ಕೂ ಹೆಚ್ಚು ಗಡುಸು, ಬಾಗಿಲು ತಾನಾಗಿ ಮೇಲಕ್ಕೆ ಹಾರುತ್ತದೆ.

ಒಳವ್ಯಾಸವನ್ನು ಅಳೆಯಲು ಹೋಗದೆ ಕೋನ್ ಮೇಲೆ ಎರಕದಲ್ಲಿ ಏನಿದೆ ಓದಿ. ಸಾಮಾನ್ಯವಾಗಿ 1¾ ಅಥವಾ 2 ಇಂಚು.

ಸುತ್ತಿನ ದಿಕ್ಕು: ಒಳಗೆ ನಿಂತು ಬಾಗಿಲು ನೋಡಿದಾಗ ಎಡಗಡೆಗೆ ಬರುವುದು ಬಲಸುತ್ತಿನ ಸ್ಪ್ರಿಂಗ್, ಬಲಗಡೆಗೆ ಎಡಸುತ್ತಿನದು. ಹೌದು, ತಿರುಗುಮುರುಗು. ಕೋನಿಗೆ ಬಣ್ಣ ಹಚ್ಚಿದ್ದರೆ ಕೆಂಪು ಬಲಸುತ್ತು, ಕಪ್ಪು ಎಡಸುತ್ತು. ಬಣ್ಣ ಹೋಗಿದ್ದರೆ ಸ್ಪ್ರಿಂಗಿನ ತುದಿಯನ್ನು ಮುಖಾಮುಖಿ ಹಿಡಿದು ನೋಡಿ: ತಂತಿಯ ಕೊನೆ ಗಡಿಯಾರದ ಮುಳ್ಳು ಹೋಗುವುದಕ್ಕೆ ವಿರುದ್ಧ ಕಡೆಗೆ ತೋರಿಸಿದರೆ ಬಲಸುತ್ತು. ಅದಲುಬದಲಾದರೆ ತಿರುಚುವಾಗ ಸುರುಳಿ ಬಿಗಿಯಾಗುವ ಬದಲು ಅಗಲವಾಗಿ ಕೋನಿನಿಂದ ಕಳಚಿಕೊಳ್ಳುತ್ತದೆ.

ಎರಡನ್ನೂ ಬದಲಿಸಿ. ಮಾಮೂಲಿ ಸ್ಪ್ರಿಂಗಿನ ಆಯುಷ್ಯ ಬಾಗಿಲನ್ನು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲ ಅಂದರೆ ಹತ್ತಿರ ಹತ್ತಿರ ಏಳು ವರ್ಷ. ಒಂದು ದಣಿದು ಮುರಿದಿದೆ ಅಂದರೆ ಅದರ ಜೋಡಿಯೂ ಅಷ್ಟೇ ಸಲ ತಿರುಚಿಕೊಂಡಿದೆ. ಜೊತೆಗೆ ನಡುವಿನ ಬೇರಿಂಗ್ ಕೂಡ ತರಿಸಿ, ಶಾಫ್ಟ್ ಸರಿಸಿದಾಗ ಮಾತ್ರ ಅದನ್ನು ಬದಲಿಸಲು ಸಾಧ್ಯ.

ಹೆಸರುಬೇಳೆ:

ತುಂಬಾ ಉಪಕಾರ. 20 ಸುರುಳಿ ಸರಿಯಾಗಿ 4⅛. ಮುರಿದ ತುಂಡುಗಳು ಸೇರಿ 24. ಕೋನಿನ ಮೇಲೆ 1¾. ಹಾಗಾದರೆ 0.207 × 1¾ × 24, ಬಲ ಒಂದು, ಎಡ ಒಂದು. ಹಾಕುವ ಕ್ರಮ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಪಾನಾಪೆಟ್ಟಿಗೆ:

ಸಾಮಾನು: ಅರ್ಧ ಇಂಚು ದಪ್ಪ, 18 ಇಂಚು ಉದ್ದದ ಗಟ್ಟಿ ಉಕ್ಕಿನ ವೈಂಡಿಂಗ್ ಬಾರ್ (ಕೋನಿನ ತೂತಿಗೆ ಹಾಕಿ ಸ್ಪ್ರಿಂಗ್ ತಿರುಚುವ ಸಲಾಕೆ) ಎರಡು. ಸ್ಕ್ರೂಡ್ರೈವರ್, ಕಬ್ಬಿಣದ ಸರಳು, ಸಾಕೆಟ್ ಎಕ್ಸ್‌ಟೆನ್ಷನ್ ಯಾವುದೂ ಆಗುವುದಿಲ್ಲ. ತೂತಿನಲ್ಲಿ ಸಡಿಲವಾಗಿ ಕೂತದ್ದು ಜಾರುತ್ತದೆ. 3/8 ಮತ್ತು 9/16 ಸ್ಪ್ಯಾನರ್, ಎರಡು ಸಿ-ಕ್ಲಾಂಪ್, ಎರಡು ಲಾಕಿಂಗ್ ಪ್ಲಯರ್, ಸೀಮೆಸುಣ್ಣ, ಕಣ್ಣಿಗೆ ಕನ್ನಡಕ, ಅಲುಗಾಡದ ಏಣಿ.

ಬಾಗಿಲು ಕೆಳಗೆ. ಎರಡೂ ಹಳಿಗಳಲ್ಲಿ ರೋಲರ್ ಮೇಲೆ ಸಿ-ಕ್ಲಾಂಪ್, ಬಾಗಿಲು ಏಳಕೂಡದು. ಬಾಗಿಲಿನ ತಳದ ಮೂಲೆಗಳಲ್ಲಿ ಕೇಬಲ್ ಸಿಕ್ಕಿಸಿರುವ ಬ್ರ್ಯಾಕೆಟ್ ಇದೆಯಲ್ಲ, ಸ್ಪ್ರಿಂಗ್ ಬಿಗಿ ಇರುವವರೆಗೆ ಅದರ ಬೋಲ್ಟ್ ಮುಟ್ಟಬೇಡಿ.

ಮುರಿದದ್ದರಲ್ಲಿ ಬಿಗಿ ಇಲ್ಲ. ಮುರಿಯದ್ದನ್ನು ಮೊದಲು ಸಡಿಲಿಸಬೇಕು. ಬಾರಿನ ತುದಿಯಿಂದ ಒಂದು ಇಂಚಿಗೆ ಟೇಪ್ ಸುತ್ತಿ ಗುರುತು ಮಾಡಿ. ಬಾರ್ ತಳಮುಟ್ಟ ಒಳಗೆ ಹೋಯಿತಾ ಅಂತ ಪ್ರತಿ ಸಲ ಆ ಗುರುತು ಹೇಳುತ್ತದೆ. ಕೋನಿನ ಕೆಳಗಿನ ತೂತಿಗೆ ಬಾರ್ ಹಾಕಿ, ಸ್ವಲ್ಪ ಮೇಲಕ್ಕೆ ಒತ್ತಿ ಭಾರ ಕೈಗೆ ತೆಗೆದುಕೊಳ್ಳಿ. ಆಗ ಕೋನನ್ನು ಶಾಫ್ಟಿಗೆ ಹಿಡಿದಿರುವ ಎರಡು ಸೆಟ್ ಸ್ಕ್ರೂ ಸಡಿಲಿಸಿ. ಕಾಲು ಸುತ್ತು ಇಳಿಸಿ, ಎರಡನೇ ಬಾರ್ ಮುಂದಿನ ತೂತಿಗೆ ಪೂರ್ತಿ ಹೋದ ಮೇಲೆ, ಭಾರ ಅದಕ್ಕೆ ದಾಟಿದ ಮೇಲೆ ಮೊದಲನೆಯದನ್ನು ತೆಗೆಯಿರಿ. ಹೀಗೆ ಮೂವತ್ತು ಕಾಲು ಸುತ್ತು. ಮುಖ, ಎದೆ ಬಾರ್ ತಿರುಗುವ ನೇರಕ್ಕೆ ಇರಬಾರದು, ಪಕ್ಕಕ್ಕೆ ನಿಲ್ಲಿ.

ಕೊನೆಯ ಕಾಲು ಸುತ್ತಿನಲ್ಲೂ ಬಾರಿನ ತುದಿಯಲ್ಲಿ ಬೇಕಾದ ಬಲ ನಿಮ್ಮ ಬಾಗಿಲಿಗೆ ಹತ್ತು ಹನ್ನೆರಡು ಪೌಂಡ್ ಅಷ್ಟೇ. ಮೋಸ ಹೋಗುವುದು ಇಲ್ಲೇ. ಕೈಗೆ ಹಗುರ ಅನ್ನಿಸುತ್ತದೆ, ಆದರೆ ಒಳಗೆ ಕೂಡಿಟ್ಟಿರುವುದು ಎಂಬತ್ತು ಚಿಲ್ಲರೆ ಪೌಂಡನ್ನು ನಾಲ್ಕು ಅಡಿ ಎತ್ತುವಷ್ಟು. ಕೈ ಜಾರಿದರೆ ಅದೆಲ್ಲ ಒಂದೇ ಏಟಿಗೆ ಬಾರಿನ ತುದಿಯಲ್ಲಿ ಬರುತ್ತದೆ.

ಎರಡೂ ಸಡಿಲಾದ ಮೇಲೆ ನಡುವಿನ ಬ್ರ್ಯಾಕೆಟ್ಟಿಗೆ ಸ್ಪ್ರಿಂಗ್ ಹಿಡಿದಿರುವ ಎರಡು ಬೋಲ್ಟ್ 9/16 ಸ್ಪ್ಯಾನರಿನಲ್ಲಿ ಬಿಚ್ಚಿ. ಗೋಡೆಯ ಕಡೆಯ ಸ್ಕ್ರೂ ಬಿಚ್ಚಬೇಡಿ, ಮರದಲ್ಲಿ ಗಟ್ಟಿ ಕೂತಿವೆಯಾ ನೋಡಿ. ಮರ ಸೀಳಿದ್ದರೆ ಮೊದಲು ಅದನ್ನು ಸರಿಮಾಡಿ. ಡ್ರಮ್ (ಶಾಫ್ಟಿನ ತುದಿಯಲ್ಲಿ ಕೇಬಲ್ ಸುತ್ತಿಕೊಳ್ಳುವ ರಾಟೆ) ಇರುವ ಜಾಗ ಶಾಫ್ಟಿನ ಮೇಲೆ ಮಾರ್ಕರಿನಲ್ಲಿ ಗುರುತು ಹಾಕಿ, ಡ್ರಮ್ ಸಡಿಲಿಸಿ, ಕೇಬಲ್ ಬಿಡಿಸಿ, ಶಾಫ್ಟ್ ಒಂದು ಕಡೆಗೆ ಸರಿಸಿ ಹಳೆಯದು ಹೊರಗೆ, ಹೊಸ ಬೇರಿಂಗ್ ಮತ್ತು ಸ್ಪ್ರಿಂಗ್ ಒಳಗೆ. ಕೇಬಲಿನಲ್ಲಿ ಎಳೆ ಬಿಟ್ಟಿದ್ದರೆ ಈಗಲೇ ಬದಲಿಸಿ.

ವಾಪಸು ಕಟ್ಟುವಾಗ ಎಡ ಡ್ರಮ್ಮಿನ ಕೇಬಲ್ ಬಿಗಿಯಾಗುವಷ್ಟು ಕೈಯಲ್ಲಿ ತಿರುಗಿಸಿ ಸೆಟ್ ಸ್ಕ್ರೂ ಹಾಕಿ. ಶಾಫ್ಟ್ ಹಿಂದಕ್ಕೆ ತಿರುಗದಂತೆ ಲಾಕಿಂಗ್ ಪ್ಲಯರ್ ಕಚ್ಚಿಸಿ ಗೋಡೆಗೆ ಆನಿಸಿ. ಆಮೇಲೆ ಬಲಗಡೆ. ಎರಡು ಕೇಬಲನ್ನೂ ವೀಣೆಯ ತಂತಿಯ ಹಾಗೆ ಮೀಟಿ ನೋಡಿ, ಸದ್ದು ಒಂದೇ ತರ ಬರಬೇಕು. ಒಂದು ಸಡಿಲ ಉಳಿದರೆ ಬಾಗಿಲು ಓರೆಯಾಗಿ ಏಳುತ್ತದೆ, ಕೇಬಲ್ ಡ್ರಮ್ಮಿನಿಂದ ಹಾರುತ್ತದೆ.

ಈಗ ಸ್ಪ್ರಿಂಗಿನ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ನೇರ ಗೆರೆ ಎಳೆಯಿರಿ. ಬಾರನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ತಿರುಚುವುದು. ಎಣಿಕೆ ತಪ್ಪಿದರೂ ಗೆರೆ ಸ್ಪ್ರಿಂಗಿಗೆ ಎಷ್ಟು ಸಲ ಸುತ್ತಿದೆ ಅಂತ ನೋಡಿದರೆ ಸಾಕು, ಏಳೂವರೆ ಪಟ್ಟೆ. ಸೆಟ್ ಸ್ಕ್ರೂ ಬಿಗಿಯುವ ಮೊದಲು ಸ್ಪ್ರಿಂಗನ್ನು ಕಾಲು ಇಂಚು ಹೊರಕ್ಕೆ ತಟ್ಟಿ, ಸುರುಳಿಗಳು ಒಂದಕ್ಕೊಂದು ಉಜ್ಜದಿರಲಿ. ಸ್ಕ್ರೂ ಶಾಫ್ಟಿಗೆ ತಾಗಿದ ಮೇಲೆ ಮುಕ್ಕಾಲು ಸುತ್ತು, ಜಾಸ್ತಿ ಬೇಡ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಟೊಳ್ಳು ಶಾಫ್ಟ್, ಅತಿಯಾಗಿ ಬಿಗಿದರೆ ತಗ್ಗು ಬೀಳುತ್ತದೆ.

ಕೊನೆಗೆ ಶಾಫ್ಟಿನ ಪ್ಲಯರ್ ತೆಗೆಯಿರಿ, ಆಮೇಲೆ ಹಳಿಯ ಕ್ಲಾಂಪ್. ಪ್ಲಯರ್ ಮರೆತು ಬಾಗಿಲೆತ್ತಿದರೆ ಅದು ಶಾಫ್ಟಿನ ಜೊತೆ ಗಿರ್ರನೆ ತಿರುಗಿ ಬಡಿಯುತ್ತದೆ.

ತಕ್ಕಡಿ:

ಮೇಲಿನದೆಲ್ಲ ಸರಿ. ಆರ್ಡರ್ ಹಾಕುವ ಮೊದಲು ಎರಡು ಮಾತು.

ಒಂದು, ಇದ್ದ ಸ್ಪ್ರಿಂಗೇ ಸರಿಯಾದ ಸ್ಪ್ರಿಂಗ್ ಅಂತ ನಂಬಬೇಡಿ. ಎರಡೂ ಸ್ಪ್ರಿಂಗ್ ಸಡಿಲಾದ ಮೇಲೆ ಬಾಗಿಲಿನ ತಳಕ್ಕೆ ಕಟ್ಟಿಗೆ ಮೀಟಿ, ನಡುಮಧ್ಯ ಬಾತ್‌ರೂಮ್ ತೂಕದ ಯಂತ್ರ ತಳ್ಳಿ ಬಾಗಿಲನ್ನು ಮೆಲ್ಲಗೆ ಕೂರಿಸಿ. 0.207 × 1¾ × 24ರ ಜೋಡಿ, ನಾಲ್ಕು ಇಂಚಿನ ಮಾಮೂಲಿ ಡ್ರಮ್ಮಿನಲ್ಲಿ ಏಳೂವರೆ ಸುತ್ತಿಗೆ, ಸುಮಾರು 175 ಪೌಂಡ್ ಬಾಗಿಲನ್ನು ತೂಗುತ್ತದೆ. ಯಂತ್ರದಲ್ಲಿ 200 ಬಂದರೆ ಹಾಕಿದವರೇ ತಪ್ಪು ಸ್ಪ್ರಿಂಗ್ ಹಾಕಿದ್ದರು ಅಂತ ಅರ್ಥ. ತೂಕ, ಬಾಗಿಲಿನ ಎತ್ತರ, ಡ್ರಮ್ಮಿನ ನಂಬರ್ ಕೊಟ್ಟರೆ ಮಾರುವವರೇ ಸ್ಪ್ರಿಂಗ್ ಲೆಕ್ಕ ಹಾಕಿ ಕೊಡುತ್ತಾರೆ.

ಎರಡು, ಅದೇ ಬಲವನ್ನು 0.225 × 2 × 32 ಜೋಡಿಯೂ ಕೊಡುತ್ತದೆ. ತಂತಿ ದಪ್ಪ, ಸುರುಳಿ ಹೆಚ್ಚು, ಹಾಗಾಗಿ ಪ್ರತಿ ಸಲ ಲೋಹ ದಣಿಯುವುದು ಕಡಿಮೆ. ಆಯುಷ್ಯ ಸಾಕಷ್ಟು ಹೆಚ್ಚು. 16 ಅಡಿ ಶಾಫ್ಟಿನಲ್ಲಿ ಉದ್ದಕ್ಕೆ ಜಾಗ ಧಾರಾಳ. ಹೊಸ ಕೋನ್ ಸಮೇತ ತರಿಸಿ, ಹಳೆಯ 1¾ ಕೋನ್ ಅದಕ್ಕೆ ಕೂರುವುದಿಲ್ಲ. ಇಷ್ಟೆಲ್ಲ ಮೈ ನೋಯಿಸಿಕೊಂಡು ಮತ್ತೆ 10,000ದ್ದೇ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

ಸ್ಪ್ರಿಂಗ್‌ಗಳಿಗೆ ಗ್ಯಾರೇಜ್ ಬಾಗಿಲಿನ ಎಣ್ಣೆ ಸ್ಪ್ರೇ ತೆಳುವಾಗಿ ಹೊಡೆಯಿರಿ, ಚಳಿಗಾಲ ಶುರುವಾಗುವ ಮುಂಚೆ ಒಮ್ಮೆ. ತುಕ್ಕಿನ ಚುಕ್ಕಿಯಿಂದಲೇ ಬಿರುಕು ಹುಟ್ಟುತ್ತದೆ, ಕೊರೆಯುವ ಬೆಳಿಗ್ಗೆ ಅದು ಪೂರ್ತಿಯಾಗುತ್ತದೆ.

ಹೆಸರುಬೇಳೆ:

ಸರಿ, 0.225ರದ್ದೇ ತರಿಸುತ್ತೇವೆ. ತಿರುಚಿಯಾದ ಮೇಲೆ ಸರಿಯಾಗಿದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ತಕ್ಕಡಿ:

ಓಪನರ್ ಜೋಡಿಸುವ ಮೊದಲು ಕೈಯಲ್ಲೇ ಎತ್ತಿ ನೋಡಿ. ಸೊಂಟದೆತ್ತರಕ್ಕೆ ತಂದು ನಿಧಾನ ಕೈ ಸಡಿಲಿಸಿ, ಅಲ್ಲೇ ನಿಲ್ಲಬೇಕು. ಕೆಳಗೆ ಜಾರಿದರೆ ಎರಡೂ ಸ್ಪ್ರಿಂಗಿಗೆ ಕಾಲು ಕಾಲು ಸುತ್ತು ಹೆಚ್ಚಿಸಿ, ಮೇಲಕ್ಕೆ ಓಡಿದರೆ ಕಡಿಮೆ ಮಾಡಿ. ನಿಮ್ಮ ಬಾಗಿಲಿನಲ್ಲಿ ಎರಡಕ್ಕೂ ಕಾಲು ಸುತ್ತು ಅಂದರೆ ಸುಮಾರು ಆರು ಪೌಂಡ್ ವ್ಯತ್ಯಾಸ. ಒಂದಕ್ಕೇ ಹಾಕಿ ಸರಿದೂಗಿಸಬೇಡಿ. ಪ್ರತಿ ಸಲವೂ ಬಾಗಿಲು ಕೆಳಗೆ, ಕ್ಲಾಂಪ್ ಹಾಕಿಯೇ. ಪೂರ್ತಿ ಮೇಲಿದ್ದಾಗ ಕೇಬಲ್ ಸಡಿಲಾಗಿ ಜೋತುಬಿದ್ದರೆ ಸುತ್ತು ಕಡಿಮೆಯಾಗಿದೆ ಅಂತಲೇ. ಏಳೂವರೆಯಲ್ಲಿ ಮುಕ್ಕಾಲು ಸುತ್ತು ಇಟ್ಟಿರುವುದೇ ಅಲ್ಲಿ ಬಿಗಿ ಉಳಿಯಲಿ ಅಂತ.

ಮೂಲೆಮನೆ:

ಓಪನರ್ ಜೋಡಿಸಿದ ಮೇಲೆ ಬಾಗಿಲ ಕೆಳಗೆ ಎರಡು-ನಾಲ್ಕರ (2×4) ಮರದ ತುಂಡನ್ನು ಮಲಗಿಸಿ ಇಟ್ಟು ಮುಚ್ಚಿ ನೋಡಿ. ತಾಗಿದ ತಕ್ಷಣ ಬಾಗಿಲು ತಿರುಗಿ ಮೇಲೆ ಹೋಗಬೇಕು. ಹೋಗದಿದ್ದರೆ ಓಪನರಿಗೆ ಫೋರ್ಸ್ ಸೆಟ್ಟಿಂಗ್ (ಎಷ್ಟು ಬಲ ಹಾಕಬೇಕು ಅನ್ನುವುದನ್ನು) ಹೊಸದಾಗಿ ಕಲಿಸಬೇಕು, ಹಳೇ ಸ್ಪ್ರಿಂಗ್ ಸೋತಂತೆಲ್ಲ ಯಾರೋ ಅದನ್ನು ಏರಿಸುತ್ತಾ ಬಂದಿರುತ್ತಾರೆ.