ಐದಡಿ ಎತ್ತರಕ್ಕೆ ಯಾವ ಬೈಕ್? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗೇರ್ ಬೈಕಿನ ಲೈಸೆನ್ಸ್ ಈಗಷ್ಟೇ ಕೈಗೆ ಬಂದಿದೆ. ನನ್ನ ಎತ್ತರ ಐದಡಿ. ಇರೋದು ಮಡಿಕೇರಿಯಲ್ಲಿ, ಎಲ್ಲಿಗೆ ಹೋದ್ರೂ ಏರು ಇಳಿಜಾರು, ಮಳೆಗಾಲದಲ್ಲಿ ಜಾರೋ ರಸ್ತೆ ಬೇರೆ.

ರಾಯಲ್ ಎನ್‌ಫೀಲ್ಡ್‌ನ ಹಂಟರ್ 350 ಬೈಕ್ ಅಂದ್ರೆ ನನಗೆ ತುಂಬಾ ಇಷ್ಟ. ಸೀಟಿನ ಎತ್ತರ 790 ಮಿ.ಮೀ. ಶೋರೂಮಿನಲ್ಲಿ ಕೂತು ನೋಡಿದೆ, ತುದಿಗಾಲಷ್ಟೇ ನೆಲಕ್ಕೆ ತಾಗುತ್ತೆ. ಒಂದು ಕಡೆ ವಾಲಿದ್ರೆ 181 ಕೆ.ಜಿ. ತಡೆಯೋದು ಹೇಗೆ ಅಂತ ಭಯ ಆಯ್ತು. ಬಜಾಜ್‌ನ ಅವೆಂಜರ್ ಸ್ಟ್ರೀಟ್ 160ರ ಸೀಟು 737 ಮಿ.ಮೀ., ಎರಡೂ ಪಾದ ಪೂರ್ತಿ ಊರುತ್ತೆ. ಆದ್ರೆ ಫುಟ್‌ರೆಸ್ಟ್ ಮುಂದಿದೆ, ಕಾಲು ಚಾಚಿಯೇ ಇಡಬೇಕು. ಅಣ್ಣ ಸ್ಕೂಟರೇ ಸಾಕು ಅಂತಾನೆ. ನನಗೆ ಬೈಕೇ ಬೇಕು.

ನನ್ನಷ್ಟೇ ಎತ್ತರದ ಅಕ್ಕಂದಿರು ಯಾರಾದ್ರೂ ಘಟ್ಟದಲ್ಲಿ ಓಡಿಸ್ತಿದ್ರೆ ದಯವಿಟ್ಟು ಹೇಳಿ: ಹಂಟರ್ ಸೀಟಿನ ಫೋಮ್ ಕಡಿಮೆ ಮಾಡಿಸಿದ್ರೆ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡೋಕೆ ಕಾಲು ಸಿಗುತ್ತಾ, ಇಲ್ಲಾ ಅವೆಂಜರ್ ತಗೊಳ್ಳೋದೇ ಸರೀನಾ?