ಅಲೆ ನುಗ್ಗುವ ಸ್ಲಿಪ್‌ನಲ್ಲಿ ಹಾಯಿದೋಣಿ ಕಟ್ಟೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 30 ಅಡಿಯ ಹಾಯಿದೋಣಿ. ಸಿಕ್ಕಿರುವ ಸ್ಲಿಪ್ (ದೋಣಿ ಕಟ್ಟಿ ನಿಲ್ಲಿಸುವ ಜಾಗ) ಬಂದರಿನ ಬಾಯಿಗೆ ನೇರವಾಗಿದೆ. ಗಾಳಿ ಇಲ್ಲದ ದಿನವೂ ನೀರು ಒಳಗೆ ನುಗ್ಗಿ ಹಿಂದೆ ಸರಿಯುತ್ತದೆ. ದೋಣಿ ಹಿಂದೆ ಮುಂದೆ ಓಡಾಡಿ ಧಡ್ ಅಂತ ಜಗ್ಗಿ ನಿಲ್ಲುತ್ತದೆ. ಹಗ್ಗ ಬಿಗಿ ಮಾಡಿದೆ, ಜಗ್ಗಾಟ ಇನ್ನೂ ಜಾಸ್ತಿ ಆಯಿತು. ಈಗಿರೋದು 16 ಮಿ.ಮೀ. ಪಾಲಿಯೆಸ್ಟರ್. ಇನ್ನೂ ದಪ್ಪದ್ದು ಹಾಕಲಾ?

ಉತ್ತರ: ದಪ್ಪದ್ದು ಬೇಡ. ನಿಮ್ಮ ಹಗ್ಗದಲ್ಲಿ ಶಕ್ತಿ ಬೇಕಾದಷ್ಟಿದೆ, ಹಿಗ್ಗುವ ಗುಣ ಇಲ್ಲ. ಟನ್‌ಗಟ್ಟಲೆ ತೂಕದ ದೋಣಿ ಒಮ್ಮೆಲೇ ನಿಂತರೆ ಆ ಏಟೆಲ್ಲ ಕ್ಲೀಟ್ (ಹಗ್ಗ ಸುತ್ತಿ ಕಟ್ಟುವ ಗೂಟ) ಮೇಲೆ ಬೀಳುತ್ತದೆ. ಮೂರೆಳೆ ಹೊಸೆದ ನೈಲಾನ್ ತನ್ನಿ. 12 ಅಥವಾ 14 ಮಿ.ಮೀ. ಸಾಕು.

ಉದ್ದವೂ ಅಷ್ಟೇ ಮುಖ್ಯ. ಹಗ್ಗ ನೂರಕ್ಕೆ ಹತ್ತರಷ್ಟು ಹಿಗ್ಗಿತು ಅಂದುಕೊಳ್ಳಿ. 2 ಮೀಟರ್ ಹಗ್ಗ 20 ಸೆಂ.ಮೀ. ಕೊಡುತ್ತದೆ, 8 ಮೀಟರ್ ಹಗ್ಗ 80 ಸೆಂ.ಮೀ. ಹಾಗಾಗಿ ಹಿಂದೆ ಮುಂದೆ ಓಡಾಟ ತಡೆಯೋ ಕೆಲಸ ಸ್ಪ್ರಿಂಗ್ ಲೈನ್‌ಗಳಿಗೆ, ಅಂದರೆ ದೋಣಿಯ ಪಕ್ಕದಲ್ಲಿ ಉದ್ದಕ್ಕೆ ಕಟ್ಟುವ ಹಗ್ಗಗಳಿಗೆ ಬಿಡಿ. ಒಂದು ದೋಣಿಯ ಮುಂಭಾಗದಿಂದ ಡಾಕ್‌ನ ಹಿಂದಿನ ಕ್ಲೀಟ್‌ಗೆ, ಇನ್ನೊಂದು ಹಿಂಭಾಗದಿಂದ ಮುಂದಿನ ಕ್ಲೀಟ್‌ಗೆ. ಎರಡೂ ಹೆಚ್ಚುಕಡಿಮೆ ದೋಣಿಯಷ್ಟೇ ಉದ್ದ ಇರಲಿ. ಹಿಂಭಾಗದ ಎರಡು ಹಗ್ಗಗಳನ್ನು ಅಡ್ಡಡ್ಡ ದಾಟಿಸಿ, ಎಡಗಡೆಯದನ್ನು ಬಲಗಡೆಯ ಕ್ಲೀಟ್‌ಗೆ ಕಟ್ಟಿದರೆ ಅವೂ ಉದ್ದ ಸಿಗುತ್ತವೆ. ಹಗ್ಗ ಜೋತು ಬೀಳಬಾರದು, ವೀಣೆಯ ತಂತಿಯಂತೆ ಬಿಗಿಯೂ ಆಗಬಾರದು.

ಪ್ರಶ್ನೆ: ಸರ್, ನೈಲಾನ್ ಬೇಗ ಸವೆಯಲ್ವಾ? ಪ್ಲಾಸ್ಟಿಕ್ ಪೈಪ್ ತೊಡಿಸಿದರೆ ಆಗುತ್ತಾ?

ಉತ್ತರ: ಒಳ್ಳೆಯ ಪ್ರಶ್ನೆ. ಪ್ಲಾಸ್ಟಿಕ್ ಪೈಪ್ ಬೇಡವೇ ಬೇಡ. ನೈಲಾನ್ ಹಿಗ್ಗಿ ಕುಗ್ಗುವಾಗ ಒಳಗೇ ಬಿಸಿಯಾಗುತ್ತದೆ. ಪೈಪ್ ಆ ಬಿಸಿಯನ್ನು ಹಿಡಿದಿಡುತ್ತದೆ, ನೀರು ತಾಗಲು ಬಿಡುವುದಿಲ್ಲ. ಚರ್ಮ, ದಪ್ಪ ಕ್ಯಾನ್ವಾಸ್ ಅಥವಾ ಬಟ್ಟೆಯ ಹಳೇ ಫೈರ್ ಹೋಸ್ ಸುತ್ತಿ, ಜಾರದಂತೆ ಹೊಲಿಯಿರಿ.

ವಾರಕ್ಕೊಮ್ಮೆ ಆ ಕವಚ ಸರಿಸಿ, ಎಳೆಗಳನ್ನು ತಿರುಚಿ ಬಿಡಿಸಿ ನೋಡಿ. ಮೇಲೆ ಸ್ವಲ್ಪ ನೂಲೆದ್ದಿದ್ದರೆ ಚಿಂತೆಯಿಲ್ಲ. ಒಳಗಿನ ಎಳೆ ಗಾಜಿನಂತೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕರಗಿದೆ ಅಂತ ಅರ್ಥ, ಅವತ್ತೇ ಬದಲಾಯಿಸಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಪಕ್ಕದ ದೋಣಿಯ ಮಸ್ತೂಲು ನಿಮ್ಮದಕ್ಕೆ ಎದುರುಬದುರಾಗಿದ್ದರೆ, ನಿಮ್ಮ ದೋಣಿಯನ್ನು ಸ್ವಲ್ಪ ಹಿಂದೆ ಅಥವಾ ಮುಂದೆ ಸರಿಸಿ ಕಟ್ಟಿ. ಎರಡೂ ಹೊರಳಾಡಿದಾಗ ಮೇಲೆ ಮಸ್ತೂಲು ಹಿಡಿದಿರುವ ತಂತಿಗೆ ತಂತಿ ಸಿಕ್ಕಿಕೊಳ್ಳುತ್ತದೆ.